ದೆಹಲಿಯ 1955ರ ಕಾಮಾಲೆ: ಸೋತದ್ದು ಕ್ಲೋರಿನ್ನೇ?

1955ರ ಡಿಸೆಂಬರಿನಿಂದ ಮರುವರ್ಷದ ಜನವರಿವರೆಗೆ ದೆಹಲಿಯಲ್ಲಿ ಸುಮಾರು 29,300 ಮಂದಿಗೆ ಕಾಮಾಲೆ ಬಂತು. ಮೂಲದ ಬಗ್ಗೆ ತಕರಾರಿಲ್ಲ. ಪ್ರವಾಹದ ಬಳಿಕ ಯಮುನೆ ಪಾತ್ರ ಬದಲಿಸಿತು. ನಜಫ್‌ಗಢ ನಾಲೆಯ ಕೊಳಚೆ ವಜೀರಾಬಾದಿನಲ್ಲಿ ಕುಡಿಯುವ ನೀರೆತ್ತುವ ಜಾಗಕ್ಕೆ ಹಿಮ್ಮುಖವಾಗಿ ನುಗ್ಗಿತು. ನವೆಂಬರ್ ನಡುವಿನ ಸುಮಾರು ಒಂದು ವಾರ ಹೀಗಿತ್ತು. ಆರ್. ವಿಶ್ವನಾಥನ್ 1957ರಲ್ಲಿ ಪ್ರಕಟಿಸಿದ ಅಧ್ಯಯನವೇ ಇಂದಿಗೂ ಆಧಾರ. ಆ ಕಾಮಾಲೆ ಹೆಪಟೈಟಿಸ್ ಎ ಎಂಬ ನಂಬಿಕೆಯನ್ನು ವಾಂಗ್, ಪರ್ಸೆಲ್, ಪಾವ್ರಿ ಮೊದಲಾದವರು ಕಾಪಿಟ್ಟಿದ್ದ ರಕ್ತಸಾರ ಪರೀಕ್ಷಿಸಿ 1980ರಲ್ಲಿ ಅಲ್ಲಗಳೆದರು. ಇಂದು ಅದನ್ನು ಹೆಪಟೈಟಿಸ್ ಇ ಎಂದು ಎಣಿಸುತ್ತೇವೆ.

ತಕರಾರು ಬೇರೆಡೆ ಇದೆ. ಕೊಳಚೆ ಕಂಡ ಸಿಬ್ಬಂದಿ ಪಟಿಕವನ್ನೂ ಕ್ಲೋರಿನ್ನನ್ನೂ ಹೆಚ್ಚಿಸಿದ್ದರು. ಟೈಫಾಯ್ಡ್, ಆಮಶಂಕೆ ಏರಲಿಲ್ಲ, ಕಾಮಾಲೆ ಏರಿತು. ಆದ್ದರಿಂದ ಈ ವೈರಸ್ ಕ್ಲೋರಿನ್ನಿಗೆ ಬಗ್ಗದು ಎಂದು ತರಗತಿಗಳಲ್ಲಿ ಹೇಳಿಕೊಡುವುದು ವಾಡಿಕೆ. ಆ ನಿರ್ಣಯ ಅವಸರದ್ದು. ಕೊಳಚೆಯಲ್ಲಿ ಅಮೋನಿಯಾ ಹೇರಳ. ಅದರೊಡನೆ ಕೂಡಿದ ಕ್ಲೋರಿನ್ ಕ್ಲೋರಮೈನ್ ಆಗುತ್ತದೆ. ಕ್ಲೋರಮೈನ್, ಸಮಯ ಸಿಕ್ಕರೆ, ಕರುಳಿನ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ. ವೈರಸ್ಸುಗಳ ಮೇಲೆ ಅದರ ಕೈ ಬಲು ದುರ್ಬಲ. ಅಳತೆಗೆ ಸುರಿದ ಕ್ಲೋರಿನ್ ಎಷ್ಟೇ ಇರಲಿ, ಲೆಕ್ಕಕ್ಕೆ ಬರುವುದು ಕೂಡದೆ ಉಳಿದ ಕ್ಲೋರಿನ್ ಮಾತ್ರ. ಜೊತೆಗೆ ಮಲದ ಕಣದೊಳಗೆ ಅಡಗಿದ ವೈರಸ್ಸನ್ನು ಅದೂ ಸುಲಭವಾಗಿ ಮುಟ್ಟದು.

ಹೀಗಾಗಿ 1955ರ ಘಟನೆ ವೈರಸ್ಸಿನ ಗಡಸುತನಕ್ಕಿಂತ ಕಚ್ಚಾ ನೀರಿನ ಕೊಳಕಿಗೆ ಸಾಕ್ಷಿ ಎಂದು ನನ್ನ ವಾದ. ವಾದವೇ ಹೊರತು ಸಿದ್ಧಾಂತವಲ್ಲ: ವೈರಸ್ಸಿನ ಗಡಸುತನವೂ ಸ್ವಲ್ಪ ಪಾಲು ಪಡೆದಿರಬಹುದು, ಕಣಗಳ ಮರೆ ಅಮೋನಿಯಾಕ್ಕಿಂತ ದೊಡ್ಡ ಕಾರಣವಾಗಿದ್ದಿರಬಹುದು. ಟೈಫಾಯ್ಡ್ ಏರಲಿಲ್ಲವೆಂಬುದು ಕೂಡ ಬ್ಯಾಕ್ಟೀರಿಯಾ ಸತ್ತವೆಂಬುದಕ್ಕೆ ಪರೋಕ್ಷ ಪುರಾವೆ ಮಾತ್ರ. ಹಳೆಯ ಸೋಂಕಿನಿಂದ ಬಂದ ರೋಗನಿರೋಧಕ ಶಕ್ತಿಯೂ ಹಾಗೆ ಕಾಣಿಸೀತು. ಆದರೂ ಒಂದು ಮಾತು ಗಟ್ಟಿ: ಕರುಳಿನ ಬ್ಯಾಕ್ಟೀರಿಯಾ ಹುಡುಕುವ ಕೋಲಿಫಾರ್ಮ್ ಪರೀಕ್ಷೆ ಪಾಸಾದ ನೀರು ವೈರಸ್ಸಿನಿಂದ ಮುಕ್ತವೆನ್ನಲು ಆಧಾರವಿಲ್ಲ. ಇಂದಿಗೂ ಯಮುನೆಯಲ್ಲಿ ಅಮೋನಿಯಾ ಏರಿದಾಗ ದೆಹಲಿ ಜಲ ಮಂಡಳಿ ವಜೀರಾಬಾದ್, ಚಂದ್ರಾವಲ್ ಘಟಕಗಳ ಉತ್ಪಾದನೆ ತಗ್ಗಿಸುತ್ತದೆ. ಪತ್ರಿಕೆಗಳಿಗೆ ಇದು ನೀರಿನ ಕೊರತೆಯ ಸುದ್ದಿ. ರೋಗಶಾಸ್ತ್ರದ ಕಣ್ಣಿಗೆ ಅದು 1955ರಲ್ಲಿ ತೆಗೆದುಕೊಳ್ಳದೆ ಹೋದ ಎಚ್ಚರಿಕೆ.

ಮನೆಯೊಳಗೆ ಒಬ್ಬರಿಂದೊಬ್ಬರಿಗೆ ಹರಡಿದ್ದು ಕಡಿಮೆ. ಒಂದೇ ವಾರದ ಮಾಲಿನ್ಯ ನಿಂತ ಮೇಲೆ ರೋಗ ತಾನಾಗಿ ಇಳಿದದ್ದಕ್ಕೆ ಅದು ಸರಿಹೊಂದುತ್ತದೆ. ಆಗ ಕಾಮಾಲೆ ಕಾಣದೆಯೂ ಸೋಂಕು ತಗುಲಿದವರು ಎಷ್ಟು ಮಂದಿ, ಹಿಂದಿನ ವರ್ಷಗಳಲ್ಲಿ ದೆಹಲಿಯಲ್ಲಿ ಈ ವೈರಸ್ ಎಷ್ಟು ಸುಳಿದಾಡಿತ್ತು ಎಂಬುವು ಇನ್ನೂ ಬಗೆಹರಿಯಬೇಕಾದ ಪ್ರಶ್ನೆಗಳು.