ಕೋಲಾರ ಸೀಮೆಯ ಸರ್ಕಾರಿ ಆರೋಗ್ಯ ಸೇವೆ: ಗುಣಮಟ್ಟದ ಅಳತೆ ಮತ್ತು ಸುಧಾರಣೆಯ ಚರಿತ್ರೆ

ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳ ಸರ್ಕಾರಿ ಆರೋಗ್ಯ ವ್ಯವಸ್ಥೆಗೆ ಮೂರು ಮೆಟ್ಟಿಲು: ಹಳ್ಳಿಗಳ ಉಪಕೇಂದ್ರ ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳು, ತಾಲ್ಲೂಕು ಆಸ್ಪತ್ರೆಗಳು, ಇವೆಲ್ಲಕ್ಕೂ ಮೇಲೆ ಕೋಲಾರ ನಗರದ ಶ್ರೀ ನರಸಿಂಹರಾಜ ಜಿಲ್ಲಾ ಆಸ್ಪತ್ರೆ. ಜನರ ಬಾಯಲ್ಲಿ ಅದು ಎಸ್‌ಎನ್‌ಆರ್. ಇಲ್ಲಿ ಸಿಗುವ ಸೇವೆ ಎಷ್ಟು ಎಂಬ ಲೆಕ್ಕ ಬಹಳ ಹಳೆಯದು. ಹೇಗಿದೆ ಎಂಬ ಲೆಕ್ಕ ಇತ್ತೀಚಿನದು. ರೋಗಿಯನ್ನೇ ಕೇಳಿ ಬರೆದುಕೊಳ್ಳುವ ಪದ್ಧತಿ ಎಲ್ಲಕ್ಕಿಂತ ತಡವಾಗಿ ಬಂತು.

ಮೈಸೂರು ಸಂಸ್ಥಾನದ ಕಾಲದಲ್ಲಿ ಔಷಧಾಲಯಗಳ ವರದಿ ಎಂದರೆ ಎಷ್ಟು ಜನ ಬಂದರು, ಎಷ್ಟು ಜನ ಒಳರೋಗಿಗಳಾದರು ಎಂಬ ಅಂಕಿಗಳು. ಜಿಲ್ಲೆಯಲ್ಲಿ ಬೇರೆ ಬಗೆಯ ಅಳತೆ ನಡೆದದ್ದು ಚಿನ್ನದ ಗಣಿಗಳಲ್ಲಿ. 1940ರ ದಶಕದಲ್ಲಿ ಕೆಜಿಎಫ್‌ನ ಏಳು ಸಾವಿರಕ್ಕೂ ಹೆಚ್ಚು ಕಾರ್ಮಿಕರ ಶ್ವಾಸಕೋಶಗಳನ್ನು ಪರೀಕ್ಷಿಸಿದಾಗ ಶೇ 40ಕ್ಕಿಂತ ಹೆಚ್ಚು ಮಂದಿಯಲ್ಲಿ ಸಿಲಿಕೋಸಿಸ್ (ಕಲ್ಲುದೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆ) ಕಂಡುಬಂತು. ಅಳೆದದ್ದು ಕಾಯಿಲೆಯನ್ನು, ಚಿಕಿತ್ಸೆಯನ್ನಲ್ಲ. ಆದರೂ ಕ್ರಮಬದ್ಧವಾಗಿ ಎಣಿಸಿದರೆ ಮುಚ್ಚಿಡಲಾಗದ ಸತ್ಯ ಹೊರಬೀಳುತ್ತದೆ ಎಂಬುದನ್ನು ಈ ಜಿಲ್ಲೆ ಆಗಲೇ ಕಂಡಿತ್ತು.

ಆರೋಗ್ಯ ಸೇವೆಗೆ ನಕ್ಷೆ ಹಾಕಿದ 1946ರ ಭೋರ್ ಸಮಿತಿಯ ವರದಿಯಿಂದ ಮುಂದೆ ದೇಶದ ಗಮನವೆಲ್ಲ ಆರೋಗ್ಯ ಕೇಂದ್ರಗಳನ್ನು ಕಟ್ಟುವುದರ ಮೇಲಿತ್ತು. 1973ರಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ಶುರುವಾದ ಮೊದಲ ಭಾರತ ಜನಸಂಖ್ಯಾ ಯೋಜನೆ ಬೆಂಗಳೂರು ವಿಭಾಗದ ಜಿಲ್ಲೆಗಳನ್ನು ಆಯ್ದುಕೊಂಡಾಗ ಕೋಲಾರವೂ ಅದರಲ್ಲಿ ಸೇರಿತು. 1996ರಲ್ಲಿ ಬಂದ ಕರ್ನಾಟಕ ಆರೋಗ್ಯ ವ್ಯವಸ್ಥೆ ಅಭಿವೃದ್ಧಿ ಯೋಜನೆ ಜಿಲ್ಲಾ ಮತ್ತು ತಾಲ್ಲೂಕು ಆಸ್ಪತ್ರೆಗಳನ್ನು ಗುರಿಯಾಗಿಸಿಕೊಂಡಿತು. ಹಾಸಿಗೆಗಳು ಎಷ್ಟು ತುಂಬಿವೆ, ರೋಗಿ ಸರಾಸರಿ ಎಷ್ಟು ದಿನ ಇರುತ್ತಾನೆ ಎಂಬಂಥ ಸೂಚಿಗಳು ಆಸ್ಪತ್ರೆ ಆಡಳಿತದ ಭಾಷೆಗೆ ಸೇರಿದ್ದು ಈ ಅವಧಿಯಲ್ಲಿ. ತುಂಬಿದ ಹಾಸಿಗೆ ಒಳ್ಳೆಯ ಸೇವೆಯ ಗುರುತೂ ಆಗಬಹುದು, ಹತ್ತಿರದಲ್ಲಿ ಬೇರೆ ಗತಿಯಿಲ್ಲದ್ದರ ಗುರುತೂ ಆಗಬಹುದು. ಆ ಅಂಕಿಯೊಂದರಿಂದ ಅದು ತಿಳಿಯುವುದಿಲ್ಲ.

ಈ ಗೊಂದಲಕ್ಕೆ ಹೊರಜಗತ್ತಿನಲ್ಲಿ ಎರಡು ದಾರಿಗಳು ಮೂಡಿದ್ದವು. 1966ರಲ್ಲಿ ಅವೆಡಿಸ್ ಡೊನಬೆಡಿಯನ್ ಆಸ್ಪತ್ರೆಯ ಗುಣಮಟ್ಟವನ್ನು ಸೌಕರ್ಯ, ಕೆಲಸದ ಕ್ರಮ, ಫಲಿತಾಂಶ ಎಂದು ಮೂರಾಗಿ ನೋಡಬೇಕೆಂದರು. 1988ರಲ್ಲಿ ಪರಶುರಾಮನ್, ಜೈತಮಲ್, ಬೆರ್ರಿ ಎಂಬ ಮೂವರು ‘ಸರ್ವ್‌ಕ್ವಾಲ್’ ಎಂಬ 22 ಅಂಶಗಳ ಪ್ರಶ್ನಾವಳಿ ರೂಪಿಸಿದರು. ಜನ ನಿರೀಕ್ಷಿಸಿದ್ದೇನು, ಸಿಕ್ಕಿದ್ದೇನು, ನಡುವಿನ ಅಂತರವೆಷ್ಟು ಎಂಬುದೇ ಅದರ ತಿರುಳು. ಬ್ಯಾಂಕು, ದುರಸ್ತಿ ಅಂಗಡಿಗಳಂಥ ಸೇವೆಗಳಿಗಾಗಿ ಹುಟ್ಟಿದ ಈ ಪ್ರಶ್ನಾವಳಿಯನ್ನು ಸಂಶೋಧಕರು ಆಸ್ಪತ್ರೆಗಳಿಗೂ ತಂದರು. ನಮ್ಮ ತಾಲ್ಲೂಕುಗಳಂಥ ಕಡೆ ಇದನ್ನು ಬಳಸುವಾಗ ಎಚ್ಚರ ಬೇಕು. ಸರ್ಕಾರಿ ಆಸ್ಪತ್ರೆಯಿಂದ ಏನನ್ನೂ ನಿರೀಕ್ಷಿಸದ ಕೂಲಿಕಾರ್ಮಿಕ ಮಹಿಳೆ ಸಿಕ್ಕಿದ್ದಕ್ಕೆಲ್ಲ ‘ಚೆನ್ನಾಗಿ ನೋಡ್ಕೊಂಡ್ರು’ ಎನ್ನುತ್ತಾಳೆ; ಅಂತರ ಸೊನ್ನೆ, ಅಂಕ ಪೂರ್ತಿ.

ಕರ್ನಾಟಕದಲ್ಲಿ ಗುಣಮಟ್ಟ ಎಂಬ ಮಾತನ್ನು ಸರ್ಕಾರದ ಮೇಜಿನ ಮೇಲಿಟ್ಟದ್ದು ಡಾ. ಎಚ್. ಸುದರ್ಶನ್ ಅಧ್ಯಕ್ಷತೆಯ ಆರೋಗ್ಯ ಕಾರ್ಯಪಡೆ. 1999ರಲ್ಲಿ ರಚನೆಯಾದ ಅದು 2001ರ ಏಪ್ರಿಲ್‌ನಲ್ಲಿ ವರದಿ ಕೊಟ್ಟಿತು. ಸಮಾನತೆ, ಗುಣಮಟ್ಟ, ಪ್ರಾಮಾಣಿಕತೆ ಎಂಬ ಮೂರನ್ನು ವರದಿಯ ಹೆಸರಿನಲ್ಲೇ ಜೋಡಿಸಿದ್ದು ಅದರ ದೊಡ್ಡತನ. ಅದೇ ವರ್ಷ ಲೋಕಾಯುಕ್ತರಾದ ನ್ಯಾಯಮೂರ್ತಿ ಎನ್. ವೆಂಕಟಾಚಲ ಮುಳಬಾಗಿಲು ತಾಲ್ಲೂಕಿನ ಮಿಟ್ಟೂರಿನವರು. ಹೇಳದೆ ಕೇಳದೆ ಸರ್ಕಾರಿ ಆಸ್ಪತ್ರೆಗಳ ಬಾಗಿಲಿಗೆ ಬಂದು ನಿಲ್ಲುತ್ತಿದ್ದ ಅವರ ಭೇಟಿಗಳು ಟಿ.ವಿ.ಯಲ್ಲಿ ಮನೆಮಾತಾದವು, ಸುದರ್ಶನ್ ಆರೋಗ್ಯ ವಿಭಾಗದ ಜಾಗೃತಾಧಿಕಾರಿಯಾಗಿ ಅವರೊಡನೆ ದುಡಿದರು. ಡಾಕ್ಟರು ಕುರ್ಚಿಯಲ್ಲಿದ್ದಾರೆಯೇ, ಹೆರಿಗೆಗೆ ದುಡ್ಡು ಕೇಳಿದರೇ ಎಂಬ ಪ್ರಶ್ನೆಗಳು ಯಾವ ಸೂಚಿಪಟ್ಟಿಯಲ್ಲೂ ಇರದಿದ್ದ ಕಾಲದಲ್ಲಿ ಅವು ಸಾರ್ವಜನಿಕ ಪ್ರಶ್ನೆಗಳಾದದ್ದು ಹೀಗೆ.

2005ರ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದಿಂದ ಆಶಾ ಕಾರ್ಯಕರ್ತೆಯರು ಮತ್ತು ಆರೋಗ್ಯ ರಕ್ಷಾ ಸಮಿತಿಗಳು ಬಂದವು. 2007ರ ಭಾರತೀಯ ಸಾರ್ವಜನಿಕ ಆರೋಗ್ಯ ಮಾನದಂಡಗಳು ಬಯಲುಸೀಮೆಯಲ್ಲಿ 30,000 ಜನರಿಗೊಂದು ಪ್ರಾಥಮಿಕ ಆರೋಗ್ಯ ಕೇಂದ್ರ, ಅಲ್ಲಿ ಇಂತಿಷ್ಟು ಸಿಬ್ಬಂದಿ, ಇಂತಿಂಥ ಔಷಧಿ ಎಂದು ನಿಗದಿ ಮಾಡಿದವು. ಅದೇ ವರ್ಷ ಆರು ತಾಲ್ಲೂಕುಗಳು ಬೇರ್ಪಟ್ಟು ಚಿಕ್ಕಬಳ್ಳಾಪುರ ಜಿಲ್ಲೆಯಾಯಿತು. ಆದ್ದರಿಂದ 2007ಕ್ಕೆ ಹಿಂದಿನ ‘ಕೋಲಾರ ಜಿಲ್ಲೆ’ಯ ಅಂಕಿಗಳು ಹನ್ನೊಂದು ತಾಲ್ಲೂಕುಗಳವು. ಅವನ್ನು ಇಂದಿನ ಅಂಕಿಗಳ ಪಕ್ಕ ಇಟ್ಟು ಏರಿತು, ಇಳಿಯಿತು ಎನ್ನುವ ಬರಹಗಳು ಓದುಗರನ್ನು ದಾರಿ ತಪ್ಪಿಸುತ್ತವೆ.

ಈಗ ಬಳಕೆಯಲ್ಲಿರುವ ಮುಖ್ಯ ಅಳತೆಗೋಲು 2013ರ ರಾಷ್ಟ್ರೀಯ ಗುಣಮಟ್ಟ ಭರವಸೆ ಮಾನದಂಡಗಳು, ಅಂದರೆ ಎನ್‌ಕ್ಯೂಎಎಸ್. ರೋಗಿಯ ಹಕ್ಕು, ಸೋಂಕು ನಿಯಂತ್ರಣ, ಚಿಕಿತ್ಸಾ ಕ್ರಮ, ಫಲಿತಾಂಶ ಸೇರಿದಂತೆ ಎಂಟು ವಿಭಾಗಗಳಿವೆ. ಪ್ರತಿ ಅಂಶಕ್ಕೂ 0, 1 ಅಥವಾ 2 ಅಂಕ. ಪ್ರಮಾಣಪತ್ರಕ್ಕೆ ಒಟ್ಟಾರೆ ಕನಿಷ್ಠ ಶೇ 70 ಬೇಕು. ಮೌಲ್ಯಮಾಪಕರು ಕಣ್ಣಾರೆ ನೋಡುತ್ತಾರೆ, ವಹಿ ತಿರುವುತ್ತಾರೆ, ಸಿಬ್ಬಂದಿಯನ್ನೂ ರೋಗಿಯನ್ನೂ ಮಾತಾಡಿಸುತ್ತಾರೆ. ಹೆರಿಗೆ ಕೋಣೆಯಲ್ಲಿ ಆಕ್ಸಿಟೋಸಿನ್ ಫ್ರಿಜ್‌ನಲ್ಲಿದೆಯೇ, ತಾಪಮಾನದ ಪಟ್ಟಿಯನ್ನು ಪ್ರತಿದಿನ ತುಂಬಿದ್ದಾರೆಯೇ, ಮೆಗ್ನೀಸಿಯಂ ಸಲ್ಫೇಟ್‌ನ ಅವಧಿ ಮುಗಿದಿಲ್ಲವೇ ಎಂದು ಟ್ರೇ ತೆಗೆಸಿ ನೋಡುತ್ತಾರೆ. ಡಿ ಗ್ರೂಪ್ ನೌಕರರನ್ನು ಕರೆದು, ರಕ್ತ ಚೆಲ್ಲಿದರೆ ಹೈಪೋಕ್ಲೋರೈಟ್ ದ್ರಾವಣ ಹೇಗೆ ಬೆರೆಸುತ್ತೀರಿ, ಯಾವ ಕಸ ಹಳದಿ ಡಬ್ಬಿಗೆ, ಯಾವುದು ಕೆಂಪಿಗೆ ಎಂದು ಕೇಳುತ್ತಾರೆ. ಆಸ್ಪತ್ರೆಯ ಕಟ್ಟಕಡೆಯ ನೌಕರರ ತಿಳಿವಳಿಕೆಯೂ ಗುಣಮಟ್ಟದ ಭಾಗ ಎಂದು ಒಪ್ಪಿಕೊಂಡದ್ದನ್ನು ಈ ಪದ್ಧತಿಯ ಅತ್ಯುತ್ತಮ ಅಂಶವೆಂದೇ ಹೇಳಬೇಕು.

ಇದರ ಜೊತೆಗೆ 2015ರಲ್ಲಿ ಸ್ವಚ್ಛತೆಗಾಗಿ ‘ಕಾಯಕಲ್ಪ’, 2016ರಲ್ಲಿ ರೋಗಿಗಳ ಮೊಬೈಲಿಗೇ ಪ್ರಶ್ನೆ ಕಳಿಸುವ ‘ಮೇರಾ ಅಸ್ಪತಾಲ್’, 2017ರ ಡಿಸೆಂಬರ್‌ನಲ್ಲಿ ಹೆರಿಗೆ ಕೋಣೆಗಳಿಗಾಗಿ ‘ಲಕ್ಷ್ಯ’ ಸೇರಿಕೊಂಡವು.

ಈ ಅಳತೆಗಳೆಲ್ಲ ಬರುತ್ತಿದ್ದ ಹೊತ್ತಿನಲ್ಲೇ, 2017ರ ಆಗಸ್ಟ್‌ನಲ್ಲಿ ಎಸ್‌ಎನ್‌ಆರ್‌ನಲ್ಲಿ ಸಂಭವಿಸಿದ ನವಜಾತ ಶಿಶುಗಳ ಸಾವು ರಾಜ್ಯದಾಚೆಗೂ ಸುದ್ದಿಯಾಯಿತು. ಆಗ ಆರೋಗ್ಯ ಸಚಿವರಾಗಿದ್ದವರು ಇದೇ ಜಿಲ್ಲೆಯ ಶ್ರೀನಿವಾಸಪುರದ ಶಾಸಕ ಕೆ.ಆರ್. ರಮೇಶ್ ಕುಮಾರ್. ಇಂಥ ಸುದ್ದಿಯಲ್ಲಿ ಸಾವಿನ ಸಂಖ್ಯೆಯಷ್ಟೇ ಎದ್ದು ಕಾಣುತ್ತದೆ. ಜಿಲ್ಲಾ ಆಸ್ಪತ್ರೆಯ ನವಜಾತ ಶಿಶು ವಿಶೇಷ ಘಟಕಕ್ಕೆ ಬರುವುದೇ 1,800 ಗ್ರಾಂಗಿಂತ ಕಡಿಮೆ ತೂಕದ, ಉಸಿರಾಟದ ತೊಂದರೆಯ ಕೂಸುಗಳು; ಕೆಲವು ಬೇರೆ ಕಡೆ ಹುಟ್ಟಿ ಕೈಮೀರಿದ ಮೇಲೆ ಬಂದವು. ಒಳಗೆ ಹುಟ್ಟಿದವೆಷ್ಟು, ಹೊರಗಿನಿಂದ ಬಂದವೆಷ್ಟು, ಬಂದಾಗ ಮೈ ಬೆಚ್ಚಗಿತ್ತೇ ಎಂಬುದನ್ನು ಬಿಡಿಸಿ ನೋಡದೆ ಆಸ್ಪತ್ರೆಯನ್ನು ದೂರುವುದೂ ತಪ್ಪು, ‘ಕೊನೆ ಗಳಿಗೆಯಲ್ಲಿ ತಂದರು’ ಎಂದು ಕೈತೊಳೆದುಕೊಳ್ಳುವುದೂ ತಪ್ಪು. ಕೂಸು ಕಳೆದುಕೊಂಡ ತಾಯಿಗೆ ಸಲ್ಲಬೇಕಾದ ಉತ್ತರ ಆ ವಿವರಗಳಲ್ಲಿದೆ.

ಕ್ರಮ ಸರಿಯಾದರೆ ಫಲ ತಾನಾಗಿ ಬರುತ್ತದೆಯೇ? ವಿಶ್ವ ಆರೋಗ್ಯ ಸಂಸ್ಥೆಯ ಸುರಕ್ಷಿತ ಹೆರಿಗೆ ಪರಿಶೀಲನಾ ಪಟ್ಟಿಯನ್ನು ಆರಂಭದಲ್ಲಿ ಪ್ರಯೋಗಿಸಿದ್ದು ಕರ್ನಾಟಕದ ಒಂದು ಆಸ್ಪತ್ರೆಯಲ್ಲೇ. ಪ್ರತಿ ಹೆರಿಗೆಯಲ್ಲಿ ಪಾಲಿಸಬೇಕಾದ 29 ಅಂಶಗಳಲ್ಲಿ ಸರಾಸರಿ 10 ಮಾತ್ರ ನಡೆಯುತ್ತಿದ್ದದ್ದು 25ಕ್ಕೆ ಏರಿತೆಂದು 2012ರಲ್ಲಿ ವರದಿಯಾಯಿತು. ಆದರೆ ಉತ್ತರ ಪ್ರದೇಶದಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಹೆರಿಗೆಗಳನ್ನು ಗಮನಿಸಿದ ಇದೇ ಪಟ್ಟಿಯ ಪ್ರಯೋಗ 2017ರಲ್ಲಿ ಪ್ರಕಟವಾದಾಗ, ಕ್ರಮ ಸುಧಾರಿಸಿದರೂ ಸಾವು ಗಣನೀಯವಾಗಿ ಇಳಿದಿರಲಿಲ್ಲ. ಪಟ್ಟಿಯ ಜೊತೆಗೆ ರಕ್ತ, ಅರಿವಳಿಕೆ ತಜ್ಞರು, ಸಮಯಕ್ಕೆ ಸಿಗುವ ಆಂಬುಲೆನ್ಸ್ ಇರಬೇಕು.

ಗಡಿ ತಾಲ್ಲೂಕುಗಳಲ್ಲಿ ಅಳತೆಗೆ ಭಾಷೆಯೂ ಅಡ್ಡ ಬರುತ್ತದೆ. ಆಂಧ್ರಕ್ಕೆ ತಾಗಿದ ಮುಳಬಾಗಿಲು, ಶ್ರೀನಿವಾಸಪುರಗಳ ಅನೇಕರ ಮನೆಮಾತು ತೆಲುಗು. ತಮಿಳುನಾಡಿಗೆ ತಾಗಿದ ಮಾಲೂರಿನಲ್ಲಿ ತಮಿಳೂ ಕೇಳಿಸುತ್ತದೆ, ಪಟ್ಟಣಗಳಲ್ಲಿ ಉರ್ದು ಇದೆ. ಅಚ್ಚಾದ ಕನ್ನಡ ಪ್ರಶ್ನಾವಳಿಯನ್ನು ಹಾಸಿಗೆಯ ಪಕ್ಕ ನಿಂತ ಸಿಬ್ಬಂದಿಯೇ ಓದಿ ಹೇಳಿದರೆ ಬರುವ ಉತ್ತರವನ್ನು ನೆಚ್ಚಿಕೊಳ್ಳುವಂತಿಲ್ಲ. ಮನೆಗೆ ಹೋದ ಮೇಲೆ, ಮನೆಮಾತಿನಲ್ಲಿ, ಆಸ್ಪತ್ರೆಗೆ ಸೇರದವರು ಕೇಳಬೇಕು.

ಇನ್ನೊಂದು ಕೊರತೆ ರೆಫರಲ್‌ನದು. ತಾಲ್ಲೂಕು ಆಸ್ಪತ್ರೆಯಲ್ಲಿ ‘ಕೋಲಾರಕ್ಕೆ ಬರೆದುಕೊಟ್ಟರು’, ಅಲ್ಲಿಂದ ‘ಬೆಂಗಳೂರಿಗೆ ಬರೆದುಕೊಟ್ಟರು’ ಎಂಬುದು ಇಲ್ಲಿ ದಿನನಿತ್ಯದ ಮಾತು. ಎನ್‌ಕ್ಯೂಎಎಸ್ ಒಂದೊಂದು ಆಸ್ಪತ್ರೆಗೂ ಬೇರೆ ಬೇರೆ ಅಂಕ ಕೊಡುತ್ತದೆ. ಒಬ್ಬ ಬಾಣಂತಿ ಮೂರು ಆಸ್ಪತ್ರೆ ಹತ್ತಿಳಿದ ದಾರಿಗೆ ಅಂಕವಿಲ್ಲ. 2021ರ ಸೆಪ್ಟೆಂಬರ್‌ನಲ್ಲಿ ದೇಶವ್ಯಾಪಿಯಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್‌ನ 14 ಅಂಕಿಯ ಆಭಾ ಸಂಖ್ಯೆ ಈ ದಾಖಲೆಗಳನ್ನು ಜೋಡಿಸುವ ಉದ್ದೇಶದ್ದು. ಆದರೆ ಕಳಿಸಿದ ಆಸ್ಪತ್ರೆ, ಸೇರಿಸಿಕೊಂಡ ಆಸ್ಪತ್ರೆ ಎರಡೂ ಅದೇ ಸಂಖ್ಯೆಯಡಿ ಹೊತ್ತು, ಕಾರಣ, ಕೊಟ್ಟ ಔಷಧಿಗಳನ್ನು ನಮೂದಿಸಿದರೆ ಮಾತ್ರ ಆ ಜೋಡಣೆ ಉಪಯೋಗಕ್ಕೆ ಬರುತ್ತದೆ.