ಬೆಲ್ಲ ತಿಂದರೆ ಶ್ವಾಸಕೋಶದ ಧೂಳು ಹೊರಗೆ ಬರುತ್ತಾ? ಫಾರ್ವರ್ಡ್ ಹಿಂದಿರುವ ಇಲಿ ಪ್ರಯೋಗದ ಕಥೆ

"ದಿನಾ ಒಂದು ತುಂಡು ಬೆಲ್ಲ ತಿನ್ನಿ, ಶ್ವಾಸಕೋಶಕ್ಕೆ ಹೋದ ಧೂಳು, ಹೊಗೆ ಎಲ್ಲ ತೊಳೆದು ಹೊರಗೆ ಹೋಗುತ್ತದೆ. ಇದನ್ನು ವಿಜ್ಞಾನಿಗಳೇ ಸಾಬೀತು ಮಾಡಿದ್ದಾರೆ." ಈ ಅರ್ಥದ ಮೆಸೇಜ್ ನಿಮ್ಮ ಗ್ರೂಪಿಗೂ ಬಂದಿರಬಹುದು. ಚಳಿಗಾಲದಲ್ಲಿ, ದೀಪಾವಳಿ ಪಟಾಕಿ ಸಮಯದಲ್ಲಿ, ದೆಹಲಿಯ ಹೊಗೆ ಟಿವಿಯಲ್ಲಿ ಕಾಣಿಸಿಕೊಂಡಾಗಲೆಲ್ಲ ಇದು ಮತ್ತೆ ಓಡಾಡುತ್ತದೆ. ಗಿರಣಿ, ಫೌಂಡ್ರಿ, ಸಿಮೆಂಟ್ ಕೆಲಸದವರಿಗಂತೂ ಇದು ವಾಟ್ಸಾಪ್ ಬರುವುದಕ್ಕೂ ಮುಂಚಿನಿಂದ ಗೊತ್ತಿರುವ ಮಾತು.

ಇದನ್ನು ಪೂರ್ತಿ ಸುಳ್ಳು ಎಂದು ತಳ್ಳಿಹಾಕಲು ಬರುವುದಿಲ್ಲ. ಇದರ ಹಿಂದೆ ಒಂದು ನಿಜವಾದ ಸಂಶೋಧನೆ ಇದೆ, ಅದೂ ಭಾರತದ್ದೇ. ಆದರೆ ಆ ಸಂಶೋಧನೆಯಲ್ಲಿ ಕಂಡದ್ದೇ ಬೇರೆ, ಫಾರ್ವರ್ಡ್ ಹೇಳುತ್ತಿರುವುದೇ ಬೇರೆ. ಶಿವಮೊಗ್ಗ, ಭದ್ರಾವತಿ ಕಡೆಯ ಓದುಗರಿಗೆ ಈ ವ್ಯತ್ಯಾಸ ಬರೀ ಕುತೂಹಲದ ವಿಷಯವಲ್ಲ.

ಯಾಕೆಂದರೆ ಇದು ಕಬ್ಬಿಣದ ಊರು. ಮೈಸೂರು ಸಂಸ್ಥಾನ ಭದ್ರಾ ನದಿ ದಡದಲ್ಲಿ ಕಟ್ಟಿಸಿದ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಶುರು ಮಾಡಿತು. ಅದಿರು ಕೆಮ್ಮಣ್ಣುಗುಂಡಿಯಿಂದ, ಇದ್ದಿಲು ಮಲೆನಾಡಿನ ಕಾಡಿನಿಂದ, ಉಸ್ತುವಾರಿ ಸರ್ ಎಂ. ವಿಶ್ವೇಶ್ವರಯ್ಯನವರದು. ಆಮೇಲೆ ಭದ್ರಾವತಿ ಮತ್ತು ಶಿವಮೊಗ್ಗ ನಡುವಿನ ಮಾಚೇನಹಳ್ಳಿಯಂಥ ಕೈಗಾರಿಕಾ ಪ್ರದೇಶಗಳಲ್ಲಿ ಫೌಂಡ್ರಿಗಳು ಬಂದವು. ಶಿವಮೊಗ್ಗದ ಸುತ್ತ ಕಲ್ಲು ಕ್ವಾರಿ, ಕ್ರಷರ್‌ಗಳೂ ಇವೆ. 2021ರ ಜನವರಿಯ ಸ್ಫೋಟದ ನಂತರ ಹುಣಸೋಡು ಹೆಸರು ರಾಜ್ಯಕ್ಕೆಲ್ಲ ಗೊತ್ತಾಯಿತು. ಇನ್ನೊಂದು ಕಡೆ ಇದು ಕಬ್ಬು, ಆಲೆಮನೆ, ಜೋನಿ ಬೆಲ್ಲದ ಸೀಮೆಯೂ ಹೌದು. ಧೂಳೂ ಇದೆ, ಬೆಲ್ಲವೂ ಇದೆ. ಈ ಮೆಸೇಜ್ ಇಲ್ಲಿ ಬೇರೂರುವುದಕ್ಕೆ ಇನ್ನೇನು ಬೇಕು!

ಎಲ್ಲ ಧೂಳೂ ಒಂದೇ ಅಲ್ಲ

ಫೌಂಡ್ರಿಯಲ್ಲಿ ಕರಗಿದ ಕಬ್ಬಿಣವನ್ನು ಮರಳಿನ ಅಚ್ಚಿಗೆ ಸುರಿಯುತ್ತಾರೆ. ಆ ಮರಳು ಬಹುಪಾಲು ಸಿಲಿಕಾ. ಲೋಹ ಆರಿದ ಮೇಲೆ ಅಚ್ಚು ಒಡೆಯುವಾಗ, ಅಂಟಿದ ಮರಳನ್ನು ಗ್ರೈಂಡರ್‌ನಿಂದ ಉಜ್ಜಿ ತೆಗೆಯುವಾಗ ಮರಳು ಪುಡಿಯಾಗಿ ಗಾಳಿಗೆ ಏಳುತ್ತದೆ. ಕಲ್ಲು ಒಡೆಯುವಾಗ, ಗ್ರಾನೈಟ್ ಕೊಯ್ಯುವಾಗ, ಕಾಂಕ್ರೀಟ್ ಕತ್ತರಿಸುವಾಗ ಏಳುವುದೂ ಇದೇ.

ಕಣ್ಣಿಗೆ ಕಾಣುವ ಧೂಳಿಗೆ ಅಷ್ಟಾಗಿ ಹೆದರಬೇಕಿಲ್ಲ. ದಪ್ಪ ಕಣಗಳು ಮೂಗಿನ ಲೋಳೆಯಲ್ಲಿ, ಗಂಟಲಲ್ಲಿ ಸಿಕ್ಕಿಬೀಳುತ್ತವೆ. ಅದಕ್ಕೇ ಸಂಜೆ ಮೂಗು ಸೀನಿದರೆ ಕಪ್ಪಗೆ ಬರುವುದು. ಶ್ವಾಸನಾಳದೊಳಗೆ ಕೂದಲಿನಂಥ ಸಣ್ಣ ಎಳೆಗಳಿದ್ದು, ಅವು ಲೋಳೆಯನ್ನು ಸದಾ ಮೇಲಕ್ಕೆ ತಳ್ಳುತ್ತಿರುತ್ತವೆ. ನಾವು ಅದನ್ನು ಕಫವಾಗಿ ಉಗುಳುತ್ತೇವೆ ಅಥವಾ ಗೊತ್ತಿಲ್ಲದೆ ನುಂಗುತ್ತೇವೆ. ತೊಂದರೆ ಕೊಡುವುದು ಸುಮಾರು 5 ಮೈಕ್ರಾನ್‌ಗಿಂತ ಸಣ್ಣ ಕಣಗಳು. ನಮ್ಮ ತಲೆಗೂದಲಿನ ದಪ್ಪ ಹತ್ತಿರ ಹತ್ತಿರ 70 ಮೈಕ್ರಾನ್. ಅಂದರೆ ಕಣ್ಣಿಗೆ ಕಾಣದ ಕಣಗಳೇ ಶ್ವಾಸಕೋಶದ ಕೊನೆಯ ಗಾಳಿಚೀಲಗಳವರೆಗೆ ಹೋಗಿ ಕೂರುವುದು. ಅಲ್ಲಿ ಲೋಳೆಯೂ ಇಲ್ಲ, ತಳ್ಳುವ ಎಳೆಗಳೂ ಇಲ್ಲ.

ಅಲ್ಲಿರುವುದು ಒಬ್ಬ ಕಾವಲುಗಾರ, ಮ್ಯಾಕ್ರೋಫೇಜ್ ಎಂಬ ಜೀವಕೋಶ.

ನುಂಗಿದವನೇ ಸಾಯುವ ಕಥೆ

ನಮ್ಮ ರೋಗನಿರೋಧಕ ವ್ಯವಸ್ಥೆಯಲ್ಲಿ ನುಂಗುವ ಕೋಶಗಳಿವೆ ಎಂದು 1880ರ ದಶಕದಲ್ಲಿ ತೋರಿಸಿದವರು ಎಲೀ ಮೆಚ್ನಿಕಾಫ್. ಇದಕ್ಕೆ 1908ರಲ್ಲಿ ಅವರಿಗೆ ನೊಬೆಲ್ ಬಂತು. ಮ್ಯಾಕ್ರೋಫೇಜ್ ಬ್ಯಾಕ್ಟೀರಿಯಾ ಕಂಡರೆ ಸುತ್ತುವರಿದು ನುಂಗುತ್ತದೆ. ಕೋಶದೊಳಗೆ ಲೈಸೋಸೋಮ್ ಎಂಬ ಪುಟ್ಟ ಚೀಲಗಳಿದ್ದು, ಅವುಗಳಲ್ಲಿ ಆಮ್ಲ ಮತ್ತು ಕಿಣ್ವ ತುಂಬಿರುತ್ತವೆ. ನುಂಗಿದ ಬ್ಯಾಕ್ಟೀರಿಯಾ ಅಲ್ಲಿ ಜೀರ್ಣವಾಗುತ್ತದೆ. ಒಂಥರಾ ಕೋಶದ ಹೊಟ್ಟೆ ಅದು.

ಸಿಲಿಕಾ ಹರಳು ಬಂದರೂ ಮ್ಯಾಕ್ರೋಫೇಜ್ ಅದನ್ನೇ ಮಾಡುತ್ತದೆ. ಆದರೆ ಕಲ್ಲು ಜೀರ್ಣವಾಗಬೇಕಲ್ಲ?

1966ರಲ್ಲಿ ಲಂಡನ್ನಿನಲ್ಲಿ ಆಂಟನಿ ಆಲಿಸನ್ ಮತ್ತು ಅವರ ಜೊತೆಗಾರರು ಇದನ್ನು ಸೂಕ್ಷ್ಮದರ್ಶಕದಲ್ಲಿ ಹಿಂಬಾಲಿಸಿದರು. (ಕುಡಗೋಲು ಕಣ ರಕ್ತಹೀನತೆಯ ಜೀನ್ ಇದ್ದವರಿಗೆ ಮಲೇರಿಯಾದಿಂದ ರಕ್ಷಣೆ ಸಿಗುತ್ತದೆ ಎಂದು 1954ರಲ್ಲಿ ತೋರಿಸಿದವರೂ ಇದೇ ಆಲಿಸನ್.) ಸಿಲಿಕಾ ಲೈಸೋಸೋಮ್ ಚೀಲವನ್ನು ತಲುಪುತ್ತದೆ, ಅದರ ಪೊರೆಯನ್ನು ಹಾಳುಮಾಡುತ್ತದೆ, ಒಳಗಿನ ಕಿಣ್ವ ಕೋಶದೊಳಕ್ಕೇ ಸೋರಿ ಕೋಶ ಸಾಯುತ್ತದೆ. ಹರಳಿಗೆ ಏನೂ ಆಗಿರುವುದಿಲ್ಲ. ಅದು ಹೊರಗೆ ಬೀಳುತ್ತದೆ. ಇನ್ನೊಂದು ಮ್ಯಾಕ್ರೋಫೇಜ್ ಬಂದು ನುಂಗುತ್ತದೆ, ಅದೂ ಸಾಯುತ್ತದೆ. ಹೀಗೇ ಮುಂದುವರಿಯುತ್ತದೆ.

2008ರಲ್ಲಿ ಈ ಕಥೆಗೆ ಇನ್ನೊಂದು ತುಂಡು ಸೇರಿತು. ಫೈಟ್ ಹಾರ್ನುಂಗ್, ಐಕೆ ಲಾಟ್ಸ್ ಮತ್ತವರ ತಂಡ, ಅದೇ ವರ್ಷ ಇನ್ನೂ ಕೆಲವು ತಂಡಗಳು ತೋರಿಸಿದ್ದು ಇಷ್ಟು: ಸಿಲಿಕಾದಿಂದ ಚೀಲ ಒಡೆದಾಗ ಕೋಶದೊಳಗಿನ ಎನ್‌ಎಲ್‌ಆರ್‌ಪಿ-3 ಎಂಬ ಅಲಾರಂ ಚಾಲೂ ಆಗುತ್ತದೆ. ಅದು ಇಂಟರ್‌ಲ್ಯೂಕಿನ್-1 ಬೀಟಾ ಎಂಬ ಉರಿಯೂತದ ರಾಸಾಯನಿಕವನ್ನು ಬಿಡುಗಡೆ ಮಾಡಿಸುತ್ತದೆ. ಉರಿಯೂತ ಮುಂದುವರಿದಂತೆ ಗಾಯ ಮಾಯಿಸುವ ಕೋಶಗಳು ಬಂದು ಕೊಲಾಜೆನ್ ನಾರು ನೇಯುತ್ತವೆ. ಕೈ ಕೊಯ್ದ ಜಾಗದಲ್ಲಿ ಕಲೆ ಉಳಿಯುತ್ತದಲ್ಲ, ಅಂಥದ್ದೇ ಕಲೆ ಶ್ವಾಸಕೋಶದೊಳಗೆ ಗಂಟು ಗಂಟಾಗಿ ಬೆಳೆಯುತ್ತದೆ. ಇದೇ ಸಿಲಿಕೋಸಿಸ್. ಕೆಲಸ ಬಿಟ್ಟ ಮೇಲೂ ರೋಗ ಮುಂದುವರಿಯುವುದು ಯಾಕೆ ಎಂಬ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಹೊಸ ಧೂಳು ನಿಂತರೂ ಹಳೆಯ ಹರಳು ಒಳಗೇ ಇರುತ್ತದೆ.

ನಮ್ಮ ರಾಜ್ಯಕ್ಕೆ ಈ ರೋಗ ಹೊಸದಲ್ಲ. ಭಾರತದಲ್ಲಿ ಸಿಲಿಕೋಸಿಸ್ ಮೊದಲು ವರದಿಯಾದದ್ದೇ ಕೋಲಾರದ ಚಿನ್ನದ ಗಣಿಗಳಿಂದ, 1947ರಲ್ಲಿ.

ಹಾಗಾದರೆ ಬೆಲ್ಲದ ಪ್ರಯೋಗ?

ಲಕ್ನೋದಲ್ಲಿ 1965ರಲ್ಲಿ ಶುರುವಾದ ಕೈಗಾರಿಕಾ ವಿಷವಿಜ್ಞಾನ ಸಂಶೋಧನಾ ಕೇಂದ್ರ ಎಂಬ ಸರ್ಕಾರಿ ಸಂಸ್ಥೆ ಇದೆ (ಈಗ ಹೆಸರು ಸ್ವಲ್ಪ ಬದಲಾಗಿದೆ). ಅಲ್ಲಿನ ಎ.ಪಿ. ಸಾಹು ಮತ್ತು ಎ.ಕೆ. ಸಕ್ಸೇನಾ 1994ರಲ್ಲಿ ಬೆಲ್ಲದ ಬಗ್ಗೆ ಒಂದು ಲೇಖನ ಪ್ರಕಟಿಸಿದರು. ಧೂಳು, ಹೊಗೆಯಲ್ಲಿ ಕೆಲಸ ಮಾಡುವವರು ಬೆಲ್ಲ ತಿಂದರೆ ತಮಗೆ ತೊಂದರೆ ಕಾಣುವುದಿಲ್ಲ ಎನ್ನುತ್ತಾರೆ, ಅದನ್ನು ಪರೀಕ್ಷಿಸಿ ನೋಡೋಣ ಎಂಬುದೇ ಅವರ ಆರಂಭ. ಜನರ ಮಾತನ್ನು ನಕ್ಕು ಬಿಡದೆ ಪ್ರಯೋಗಕ್ಕೆ ಒಡ್ಡಿದ್ದು ಮೆಚ್ಚಬೇಕಾದ ಕೆಲಸ.

ಇಲಿಗಳ ಶ್ವಾಸನಾಳಕ್ಕೆ ನೇರವಾಗಿ ಒಂದೇ ಸಲ 50 ಮಿಲಿಗ್ರಾಂ ಕಲ್ಲಿದ್ದಲ ಧೂಳು ಹಾಕಿದರು. ಕೆಲವು ಇಲಿಗಳಿಗೆ ದಿನಕ್ಕೆ ಅರ್ಧ ಗ್ರಾಂ ಬೆಲ್ಲ, ವಾರಕ್ಕೆ 5 ದಿನದಂತೆ 90 ದಿನ ತಿನ್ನಿಸಿದರು. ಬೆಲ್ಲ ತಿಂದ ಇಲಿಗಳಲ್ಲಿ ಕಲ್ಲಿದ್ದಲ ಕಣಗಳು ಶ್ವಾಸಕೋಶದಿಂದ ಹೆಚ್ಚು ಪ್ರಮಾಣದಲ್ಲಿ ಕದಲಿದ್ದವು, ಗಾಯದ ಗುರುತುಗಳು ಕಡಿಮೆ ಇದ್ದವು, ಕೊಲಾಜೆನ್ ಅಳೆಯುವ ಹೈಡ್ರಾಕ್ಸಿಪ್ರೋಲಿನ್ ಕೂಡ ಕಡಿಮೆ ಇತ್ತು. ಸಿಲಿಕಾ ಹಾಕಿದ ಇಲಿಗಳಲ್ಲೂ ಗಾಯದ ಸ್ವರೂಪ ಬದಲಾಗಿತ್ತು. ಬೆಲ್ಲಕ್ಕೆ ರಕ್ಷಣೆ ಕೊಡುವ ಸಾಧ್ಯತೆ ಇದೆ ಎಂದು ಲೇಖಕರು ಬರೆದರು.

ಫಾರ್ವರ್ಡ್ ಮಾಡುವವರು ಇಲ್ಲಿಗೇ ನಿಲ್ಲಿಸುತ್ತಾರೆ. ಕಣಗಳು ಕದಲಿ ಎಲ್ಲಿಗೆ ಹೋದವು? ದೇಹದ ಹೊರಗಲ್ಲ. ಶ್ವಾಸನಾಳದ ಪಕ್ಕದ ದುಗ್ಧಗ್ರಂಥಿಗಳಿಗೆ, ಅಂದರೆ ಲಿಂಫ್ ನೋಡ್‌ಗಳಿಗೆ. ಹಾಲ್ ಗುಡಿಸಿ ಕಸವನ್ನು ಅಡುಗೆಮನೆಗೆ ತಳ್ಳಿದ ಹಾಗೆ. ಕಲ್ಲಿದ್ದಲ ಧೂಳಿಗೆ ಇದು ಒಳ್ಳೆಯದೇ ಇರಬಹುದು. ಆದರೆ ಸಿಲಿಕಾ ಲಿಂಫ್ ನೋಡ್‌ನಲ್ಲೂ ತನ್ನ ಕೆಲಸ ಮಾಡುತ್ತದೆ. ಕೆಲವು ಸಿಲಿಕೋಸಿಸ್ ರೋಗಿಗಳ ಎಕ್ಸ್‌ರೇಯಲ್ಲಿ ಈ ಗ್ರಂಥಿಗಳ ಸುತ್ತ ಮೊಟ್ಟೆಯ ಚಿಪ್ಪಿನಂಥ ಸುಣ್ಣದ ಪದರ ಕಾಣುತ್ತದೆ.

ಪ್ರಮಾಣವನ್ನೂ ನೋಡೋಣ. ಲ್ಯಾಬ್ ಇಲಿಯ ತೂಕ 200 ಗ್ರಾಂ ಎಂದುಕೊಳ್ಳಿ. ಬರೀ ತೂಕದ ಲೆಕ್ಕ ಹಾಕಿದರೆ 60 ಕೆಜಿ ಮನುಷ್ಯ ದಿನಕ್ಕೆ 150 ಗ್ರಾಂ ಬೆಲ್ಲ ತಿನ್ನಬೇಕು. ಇಲಿಯ ಲೆಕ್ಕವನ್ನು ಮನುಷ್ಯನಿಗೆ ಇಳಿಸುವಾಗ ಸಾಮಾನ್ಯವಾಗಿ ಸುಮಾರು 6ರಿಂದ ಭಾಗಿಸುತ್ತಾರೆ; ಹಾಗೆ ಮಾಡಿದರೂ 25 ಗ್ರಾಂ. ಧೂಳಿನದ್ದು ಇನ್ನೂ ವಿಚಿತ್ರ: ತೂಕದ ಲೆಕ್ಕದಲ್ಲಿ ಒಬ್ಬ ಮನುಷ್ಯನ ಶ್ವಾಸನಾಳಕ್ಕೆ ಒಂದೇ ಸಲ 15 ಗ್ರಾಂ ಕಲ್ಲಿದ್ದಲ ಪುಡಿ ಸುರಿದಂತೆ. ಫೌಂಡ್ರಿಯಲ್ಲಿ 20 ವರ್ಷ ದಿನಾ ಸ್ವಲ್ಪ ಸ್ವಲ್ಪ ಸಿಲಿಕಾ ಉಸಿರಾಡುವುದಕ್ಕೂ ಇದಕ್ಕೂ ಹೋಲಿಕೆ ಕಷ್ಟ. ಮುಖ್ಯವಾಗಿ, ಆ ಲೇಖನದಲ್ಲಿ ಕೆಲಸಗಾರರ ಮೇಲೆ ಮಾಡಿದ ಪ್ರಯೋಗ ಇಲ್ಲ. "ಸಾಬೀತಾಗಿದೆ" ಎಂಬ ಪದ ಅಲ್ಲಿಗೆ ಹೊಂದುವುದಿಲ್ಲ.

ಹಾಗಿದ್ದರೆ ಬೆಲ್ಲ ತಿಂದಾಗ ಹಾಯೆನಿಸುವುದು ಸುಳ್ಳಾ? ಇಲ್ಲ. ಸಿಹಿ ಬಾಯಿಗೆ ಬಿದ್ದರೆ ಜೊಲ್ಲು ಹೆಚ್ಚುತ್ತದೆ, ಒಣಗಿದ ಗಂಟಲು ತೇವವಾಗುತ್ತದೆ, ಅಲ್ಲಿ ಅಂಟಿದ ಧೂಳು ನುಂಗಿ ಹೋಗುತ್ತದೆ. ಆದರೆ ಬೆಲ್ಲ ಇಳಿಯುವುದು ಅನ್ನನಾಳಕ್ಕೆ. ಗಾಳಿಚೀಲದಲ್ಲಿ ಕೂತ ಹರಳನ್ನು ಅದು ಮುಟ್ಟುವುದೂ ಇಲ್ಲ.

ನಂಬಿದರೆ ನಷ್ಟ ಏನು?

ಒಂದು ತುಂಡು ಬೆಲ್ಲ ತಾನೇ ಎನ್ನಬಹುದು. ನಮ್ಮ ಚಿಂತೆ ಬೆಲ್ಲದ ಬಗ್ಗೆ ಅಲ್ಲ, ಅದು ಕೊಡುವ ಧೈರ್ಯದ ಬಗ್ಗೆ. ಸಿಲಿಕೋಸಿಸ್ ಸಾಮಾನ್ಯವಾಗಿ 10 ವರ್ಷ ದಾಟಿದ ಮೇಲೆ ಕಾಣಿಸಿಕೊಳ್ಳುತ್ತದೆ. ಧೂಳು ತೀರಾ ಹೆಚ್ಚಿದ್ದರೆ ಕೆಲವೇ ವರ್ಷಗಳಲ್ಲಿ. ಮೊದಲು ಮೆಟ್ಟಿಲು ಹತ್ತಿದರೆ ದಮ್ಮು, ಒಣಕೆಮ್ಮು ಅಷ್ಟೇ. "ಬೆಲ್ಲ ತಿಂತಾ ಇದ್ದೀನಿ" ಎಂಬ ಸಮಾಧಾನದಲ್ಲಿ ಮಾಸ್ಕ್ ಬದಿಗೆ ಹೋಗುತ್ತದೆ, ಎಕ್ಸ್‌ರೇ ಮುಂದಕ್ಕೆ ಹೋಗುತ್ತದೆ. ಈ ಕಲೆಯನ್ನು ಅಳಿಸುವ ಔಷಧ ಇಲ್ಲ.

ಇನ್ನೊಂದು ಅಪಾಯ ಕ್ಷಯ. ಟಿಬಿ ಬ್ಯಾಕ್ಟೀರಿಯಾವನ್ನು ಹಿಡಿದಿಡಬೇಕಾದದ್ದೂ ಇದೇ ಮ್ಯಾಕ್ರೋಫೇಜ್. ಸಿಲಿಕಾದಿಂದ ಆ ಕಾವಲು ಕುಸಿದಾಗ ಟಿಬಿ ತಗಲುವ ಅಪಾಯ ಹಲವು ಪಟ್ಟು ಏರುತ್ತದೆ. ಸಕ್ಕರೆ ಕಾಯಿಲೆಯೂ ಟಿಬಿ ಅಪಾಯ ಹೆಚ್ಚಿಸುತ್ತದೆ. ಬೆಲ್ಲ ರಕ್ತದ ಸಕ್ಕರೆ ಏರಿಸುವುದರಲ್ಲಿ ಸಕ್ಕರೆಗಿಂತ ಹೆಚ್ಚು ಹಿಂದೆ ಬಿದ್ದಿಲ್ಲ. ಹಾಗಾಗಿ ಡಯಾಬಿಟಿಸ್ ಇರುವ ಫೌಂಡ್ರಿ ಕೆಲಸಗಾರ ಈ ಮೆಸೇಜ್ ಪಾಲಿಸಿದರೆ ಅವರಿಗೆ ಎರಡು ಕಡೆಯಿಂದಲೂ ಪೆಟ್ಟು. ಸಿಲಿಕಾ ಧೂಳು ಶ್ವಾಸಕೋಶದ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1997ರಲ್ಲೇ ಹೇಳಿದೆ. ಬೀಡಿ, ಸಿಗರೇಟು ಸೇರಿದರೆ ಅಪಾಯ ಇನ್ನೂ ಹೆಚ್ಚು.

ಏನು ಕೆಲಸ ಮಾಡುತ್ತದೆ?

ಧೂಳು ಏಳದಂತೆ ನೋಡುವುದು. ನೀರು ಚಿಮುಕಿಸಿ ಕತ್ತರಿಸುವುದು, ಧೂಳು ಎಳೆಯುವ ಫ್ಯಾನು-ಪೈಪು ಹಾಕುವುದು, ಒಣ ಪೊರಕೆಯಲ್ಲಿ ಗುಡಿಸದಿರುವುದು. ಇದು ಮಾಲೀಕರು ಮಾಡಿಕೊಡಬೇಕಾದ ಕೆಲಸ. ಮಾಸ್ಕ್ ಇದಾದ ಮೇಲಿನ ಮಾತು. ಮುಖಕ್ಕೆ ಸುತ್ತಿದ ಟವೆಲ್ಲಿನ ನೂಲಿನ ಸಂದಿಗಳು 5 ಮೈಕ್ರಾನ್ ಕಣಕ್ಕೆ ಹೆಬ್ಬಾಗಿಲಿದ್ದಂತೆ. ಎನ್-95 ಮಾದರಿಯದ್ದು, ಅದೂ ಮುಖಕ್ಕೆ ಬಿಗಿಯಾಗಿ ಕೂತರೆ ಮಾತ್ರ ಉಪಯೋಗ.

ಈಗಾಗಲೇ ಹತ್ತಾರು ವರ್ಷ ಈ ಕೆಲಸ ಮಾಡಿದವರು, ಬಿಟ್ಟು ಅಡಿಕೆ ತೋಟಕ್ಕೋ ಅಂಗಡಿಗೋ ಹೋದವರೂ ಸೇರಿ, ದಮ್ಮು ಅಥವಾ 2 ವಾರ ಮೀರಿದ ಕೆಮ್ಮು ಇದ್ದರೆ ಎದೆಯ ಎಕ್ಸ್‌ರೇ ಮಾಡಿಸಬೇಕು. ಟಿಬಿ ಪರೀಕ್ಷೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ಶಿವಮೊಗ್ಗದವರಿಗೆ ಮೆಗ್ಗಾನ್ ಆಸ್ಪತ್ರೆ ಇದೆ. ಸಿಲಿಕೋಸಿಸ್ ಗಂಟುಗಳು ಎಕ್ಸ್‌ರೇಯಲ್ಲಿ ಟಿಬಿಯಂತೆಯೇ ಕಾಣಬಹುದು. ಆದ್ದರಿಂದ ಎಲ್ಲಿ, ಯಾವ ವಿಭಾಗದಲ್ಲಿ, ಎಷ್ಟು ವರ್ಷ ಕೆಲಸ ಮಾಡಿದ್ದೀರಿ ಎಂಬುದನ್ನು ಡಾಕ್ಟರ್ ಕೇಳದಿದ್ದರೂ ನೀವೇ ಹೇಳಿ. "ಮೋಲ್ಡಿಂಗ್‌ನಲ್ಲಿ 12 ವರ್ಷ, ಗ್ರೈಂಡಿಂಗ್‌ನಲ್ಲಿ 6 ವರ್ಷ" ಎಂಬಂತೆ ಚೀಟಿಯಲ್ಲಿ ಬರೆಸಿ. 1948ರ ಕಾರ್ಖಾನೆ ಕಾಯ್ದೆಯ ಕಾಲದಿಂದಲೂ ಸಿಲಿಕೋಸಿಸ್ ವೈದ್ಯರು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ, ಕೆಲಸದಿಂದ ಬಂದ ರೋಗವೆಂದು ಪರಿಹಾರಕ್ಕೂ ಅರ್ಹ. ಪರಿಹಾರ ಕೇಳುವ ದಿನ ಬಂದಾಗ ಆ ಚೀಟಿ ಬೇಕಾಗುತ್ತದೆ.