ಮುತ್ಯಾನ ಉತಾರ, ನನ್ನ 4 ಜಿಬಿ ಲ್ಯಾಪ್‌ಟಾಪ್ (ನಮ್ಮ ಕಡೆ ಇತಿಹಾಸ, ಭಾಗ 6)

ದೋಸ್ತರ, ಈ ಸಲ ಗೋಳಗುಮ್ಮಟ ಇಲ್ಲ, ಮಲಿಕ್-ಎ-ಮೈದಾನ್ ತೋಪೂ ಇಲ್ಲ. ಮೊದಲನೇ ಫೋಟೋದಾಗ ಇರೋದು ನನ್ನ ಲ್ಯಾಪ್‌ಟಾಪ್. ಸೆಕೆಂಡ್ ಹ್ಯಾಂಡ್, 4 ಜಿಬಿ ರ‍್ಯಾಮ್, ಒಂದು ಕೀ ಕಿತ್ತು ಹೋಗೈತಿ. ಎರಡನೇ ಫೋಟೋದಾಗ ನಮ್ಮ ಮುತ್ಯಾನ ಹೊಲದ ಉತಾರ. ಸರ್ವೆ ನಂಬರ್ ಮುಚ್ಚೀನಿ, ಹುಡುಕಬ್ಯಾಡ್ರಿ.

ನನಗ ₹85,000ದ ಲ್ಯಾಪ್‌ಟಾಪ್ ಬೇಕಾಗಿತ್ತು. ಬಿಕಾಂಗೆ ಅಷ್ಟು ಯಾಕ ಅಂತ ಕೇಳಿದ್ರ ನನ್ನ ಹತ್ರ ಉತ್ತರ ಇರಲಿಲ್ಲ. ಕ್ಲಾಸಿನಾಗ ಇಬ್ಬರು ತಗೊಂಡಿದ್ರು, ಅಷ್ಟ. ಅಪ್ಪ ಇಲ್ಲ ಅನಲಿಲ್ಲ. "ದ್ರಾಕ್ಷಿ ಪಡದ ಸಾಲ ಸ್ವಲ್ಪ ಹೆಚ್ಚಿಗಿ ಕೇಳೂಣು, ನೀ ಹೋಗಿ ಉತಾರ ತಗೊಂಡ್ ಬಾ" ಅಂದ. ತಿಕೋಟಾಕ್ಕ ಹೋದೆ. ಕೌಂಟರಿನಾಗ ಇದ್ದದ್ದು ನನ್ನ ಲ್ಯಾಪ್‌ಟಾಪ್‌ಗಿಂತ ಹಳೇ ಡೆಸ್ಕ್‌ಟಾಪ್. ಎರಡು ನಿಮಿಷದಾಗ ಉತಾರ ಕೈಗೆ ಬಂತು. ಯಾವ ಸಾಲದಿಂದ ಹೊಸಾ ಕಂಪ್ಯೂಟರ್ ತರಬೇಕು ಅಂತಿದ್ನೋ, ಆ ಸಾಲದ ಕಾಗದಾನ ಒಂದು ಸಾದಾ ಕಂಪ್ಯೂಟರ್ ಕೊಟ್ಟಿತ್ತು. ಬಸ್ಸಿನಾಗ ಕುಂತು ಇದನ್ನ ವಿಚಾರ ಮಾಡಿದ್ರ ಒಂಥರಾ ಆತು. ಮನಿಗೆ ಬಂದು ಇದರ ಇತಿಹಾಸ ಓದಿದೆ.

ಮೊದಲು ಉತಾರ ಅಂದ್ರೆ ಕೈಬರಹ. ತಲಾಟಿಯ ದಪ್ತರದಲ್ಲಿ ಇರುತ್ತಿತ್ತು. ವಾಟ್ನಿ ಆಗಲಿ, ಬ್ಯಾಂಕ್ ಸಾಲ ಆಗಲಿ, ತಲಾಟಿ ಸಿಗೋವರೆಗೂ ಕಾಯಬೇಕು. ಇಡೀ ರಾಜ್ಯದಲ್ಲಿ ಸುಮಾರು 9,000 ಗ್ರಾಮ ಲೆಕ್ಕಿಗರ ಕೈಯಲ್ಲಿ ಈ ಪುಸ್ತಕಗಳಿದ್ದವು. 2000ರಲ್ಲಿ ಕರ್ನಾಟಕ ಸರ್ಕಾರ 'ಭೂಮಿ' ಯೋಜನೆ ಶುರು ಮಾಡಿತು. ಸಾಫ್ಟ್‌ವೇರ್ ಬರೆದದ್ದು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ, ಅಂದ್ರೆ ಎನ್‌ಐಸಿ. ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳು ಕಂಪ್ಯೂಟರ್‌ಗೆ ಹೋದವು. ಉತಾರದ ಶುಲ್ಕ ಆಗ ₹15.

ಇಷ್ಟು ದೊಡ್ಡ ಕೆಲಸ ಮಾಡಿದ ಯಂತ್ರ ಎಂಥದ್ದು? ತಾಲೂಕು ಕಚೇರಿಯ ಸಾದಾ ಪಿಸಿ, ಒಂದು ಪ್ರಿಂಟರ್. ಆ ಕಾಲದ ಪಿಸಿಗಳಲ್ಲಿ ರ‍್ಯಾಮ್ ಸಾಮಾನ್ಯವಾಗಿ 64 ಇಲ್ಲಾ 128 ಎಂಬಿ. ಲೆಕ್ಕ ಹಾಕ್ರಿ: ನಾನು 'ಸಾಲಂಗಿಲ್ಲ' ಅಂತ ಬೈತಿದ್ದ 4 ಜಿಬಿ ಅದರ 32 ಪಟ್ಟು! ನನಗೆ ಭಾಳ ಸೇರಿದ್ದು ಇನ್ನೊಂದು ವಿಷಯ. ಕೌಂಟರಿನಲ್ಲಿ ಎರಡನೇ ಪರದೆಯೊಂದನ್ನ ರೈತನ ಕಡೆ ಮುಖ ಮಾಡಿ ಇಟ್ಟಿದ್ದರು. ತನ್ನ ಹೊಲದ ಬಗ್ಗೆ ಒಳಗ ಏನು ಟೈಪ್ ಆಗ್ತೈತಿ ಅಂತ ಅವನೂ ನೋಡಬಹುದು. ಮಶೀನ್ ಮ್ಯಾಲೆ ರೊಕ್ಕ ಸುರಿಯೋದಕ್ಕಿಂತ ಇದು ಶಾಣ್ಯಾತನ.

ಎಲ್ಲಾ ಚಂದ ಆತು ಅಂತನೂ ಅಲ್ಲ. ತಿಕೋಟಾ, ಬಬಲೇಶ್ವರ ಆಗಿನ್ನೂ ತಾಲೂಕು ಆಗಿರಲಿಲ್ಲ, ವಿಜಯಪುರ ತಾಲೂಕಿನಾಗ ಇದ್ದವು. ಮೊದಲು ಊರಾಗ ತಲಾಟಿನ್ನ ಹುಡುಕಬೇಕಿತ್ತು, ಆಮ್ಯಾಲೆ ಬಸ್ ಹತ್ತಿ ಸಿಟಿಗೆ ಹೋಗಿ ಪಾಳಿ ಹಚ್ಚಬೇಕಾತು. ಮುತ್ಯಾ ಇವತ್ತಿಗೂ ಹೇಳ್ತಾನ, "₹15ರ ಕಾಗದಕ್ಕ ಒಂದು ದಿನದ ಪಗಾರ ಹೋಗ್ತಿತ್ತು."

ನಮ್ಮ ಕಾಮರ್ಸ್‌ನವರದೂ ಒಂದು ಕಥಿ ಐತಿ. ಟ್ಯಾಲಿ ಶುರುವಾದದ್ದು 1986ರಲ್ಲಿ, ಬೆಂಗಳೂರಿನಲ್ಲಿ. ಶ್ಯಾಮ್ ಸುಂದರ್ ಗೋಯೆಂಕಾ ಅವರಿಗೆ ತಮ್ಮ ವ್ಯಾಪಾರದ ಲೆಕ್ಕ ಇಡೋಕೆ ಸರಿಯಾದ ಸಾಫ್ಟ್‌ವೇರ್ ಸಿಗಲಿಲ್ಲ. ಗಣಿತ ಓದಿದ್ದ ಮಗ ಭರತ್‌ಗೆ ನೀನೇ ಬರಿ ಅಂದರು. ಡಾಸ್ ಕಾಲ ಅದು, ಪ್ರೋಗ್ರಾಮ್‌ಗೆ ಸಿಗ್ತಿದ್ದ ಮೆಮೊರಿ 640 ಕೆಬಿ. ನಾವು ಒಬ್ಬರಿಗೊಬ್ಬರು ಕಳಸೋ ಒಂದು ಗುಡ್ ಮಾರ್ನಿಂಗ್ ಫೋಟೋ ಕೆಲವು ಸಲ ಅದಕ್ಕಿಂತ ದೊಡ್ಡದಿರ್ತದ.

ಹಂಗಂತ ಅಗ್ಗದ ಯಂತ್ರ ಬಂದ್ರ ಸಾಕು ಅಂತಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಕಂಪನಿಯವರು ಸೇರಿ 'ಸಿಂಪ್ಯೂಟರ್' ಅಂತ ಮಾಡಿದ್ದರು. ಕೈಯಲ್ಲಿ ಹಿಡಿಯೋ ಕಂಪ್ಯೂಟರ್, ಸುಮಾರು ₹10,000. ಒಬ್ಬೊಬ್ಬರಿಗೂ ಒಂದು ಸ್ಮಾರ್ಟ್ ಕಾರ್ಡ್ ಕೊಟ್ಟು, ಒಂದೇ ಯಂತ್ರವನ್ನು ಊರಿನವರೆಲ್ಲ ಹಂಚಿಕೊಂಡು ಬಳಸಲಿ ಅನ್ನೋ ವಿಚಾರ. 2004ರಲ್ಲಿ ಮಾರ್ಕೆಟ್‌ಗೆ ಬಂತು, ಕೆಲವೇ ಸಾವಿರ ಮಾರಾಟ ಆಯ್ತು. ನನಗನಿಸಿದ್ದು, ಭೂಮಿಯ ಪಿಸಿಗೆ ಮೊದಲ ದಿನದಿಂದಲೇ ಮಾಡೋಕೆ ಒಂದು ಕೆಲಸ ಇತ್ತು, ಬಾಗಿಲಲ್ಲಿ ಮಂದಿ ನಿಂತಿದ್ದರು. ಸಿಂಪ್ಯೂಟರ್ ಮಾತ್ರ ಕೆಲಸ ಹುಡುಕಿಕೊಂಡು ತಿರುಗಬೇಕಾಯ್ತು. ನಾ ಕೇಳಿದ್ದ ₹85,000ದ್ದೂ ನಮ್ಮ ಮನ್ಯಾಗ ಹಂಗ ಕೆಲಸ ಹುಡುಕ್ತಿತ್ತೇನೋ.

ಉತಾರ ಮನ್ಯಾಗ ಐತಿ. ಅಪ್ಪ "ಬ್ಯಾಂಕಿಗೆ ಯಾವಾಗ ಹೋಗೂಣು?" ಅಂದಾಗ "ಡ್ರಿಪ್ ಪೈಪ್‌ಗೆ ಎಷ್ಟು ಬೇಕೋ ಅಷ್ಟ ಕೇಳು" ಅಂದೆ. ಅಂವ ನನ್ನ ಮುಖ ನೋಡಿದ, ಏನೂ ಅನಲಿಲ್ಲ. ಆಮ್ಯಾಲೆ ಹಳೆ ಲ್ಯಾಪ್‌ಟಾಪ್‌ಗೆ ಒಂದು ಎಸ್‌ಎಸ್‌ಡಿ ಹಾಕಿಸಿದೆ. ₹2,000ದೊಳಗ ಮುಗೀತು. ಟ್ಯಾಲಿ, ಎಕ್ಸೆಲ್ ಓಡ್ತಾವ. ರೀಲ್ಸ್‌ನಾಗ ಹೊಸಾ ಲ್ಯಾಪ್‌ಟಾಪ್ ಕಂಡ್ರ ಇನ್ನೂ ಕೈ ನಿಲ್ತೈತಿ, ಸುಳ್ಳ್ಯಾಕ ಹೇಳ್ಲಿ.

ನಿಮ್ಮ ಮನ್ಯಾಗ ಹಳೇ ಕೈಬರಹದ ಉತಾರ ಇದ್ರ ಹೆಸರು, ಸರ್ವೆ ನಂಬರ್ ಮುಚ್ಚಿ ಫೋಟೋ ಕಳಸ್ರಿ. ಭಾಗ 7ರಾಗ ಅವನ್ನ ಹಾಕ್ತೀನಿ.